ಎಂಬತ್ತೆಂಟನೆಯ ಪುಟದ ಅಕ್ಕ

ಆಕೆಯ ಬಾಯಿಂದ ಮೊದಲು ಹೊರಡುತ್ತಿದ್ದ ಮಾತು ‘ಇಲ್ಲ’. ಸೂಜಿ ಇದೆಯೇ ಎಂದರೆ ಇಲ್ಲ, ದಾರ ಸಾಲುತ್ತದೆಯೇ ಎಂದರೆ ಇಲ್ಲ, ಈ ದಿನ ಗುರುವಾರ ತಾನೆ ಎಂದರೂ ಇಲ್ಲ. ಹಾಗೆಂದ ಮರುಗಳಿಗೆಯಲ್ಲೇ ಕೋಟಿನ ಜೇಬಿನಿಂದ ಸೂಜಿ ತೆಗೆದು ಕೇಳಿದವರ ಮುಂದಿಡುವಳು, ತನ್ನ ದಾರದ ಉಂಡೆಯನ್ನು ಅತ್ತ ಉರುಳಿಸುವಳು, ಒಂದಿಷ್ಟು ಹೊತ್ತು ಬಿಟ್ಟು ‘ಗುರುವಾರವೇ ಬಿಡಿ’ ಎಂದು ಗೊಣಗುವಳು. ಪುಸ್ತಕ ಹೊಲಿಯುವ ಆ ಕೋಣೆಯ ಏಳು ಜನ ಹೆಂಗಸರು ಆಕೆಗೆ ಇಲ್ಲಕ್ಕ ಎಂದು ಹೆಸರಿಟ್ಟು ಎಷ್ಟು ಕಾಲವಾಗಿತ್ತೆಂದರೆ, ಹಾಜರಿ ಪುಸ್ತಕದಲ್ಲಿದ್ದ ಹೆಸರನ್ನು ಯಾರಾದರೂ ಕೂಗಿದರೆ ಆಕೆಯೇ ತಲೆಯೆತ್ತಿ ‘ಯಾರದು?’ ಎಂದು ಸುತ್ತ ನೋಡುತ್ತಿದ್ದಳಂತೆ. “ಸ್ವರ್ಗದ ಬಾಗಿಲಲ್ಲಿ ಒಳಗೆ ಬಾ ಅಂದ್ರೂ ನಮ್ಮ ಇಲ್ಲಕ್ಕ ಮೊದ್ಲು ಇಲ್ಲ ಅಂದೇ ಆಮೇಲೆ ಕಾಲಿಡೋದು” ಎಂದು ಅವರು ನಗುತ್ತಿದ್ದರು. ಆಕೆ ನಗುತ್ತಿರಲಿಲ್ಲ, ಸಿಟ್ಟೂ ಮಾಡಿಕೊಳ್ಳುತ್ತಿರಲಿಲ್ಲ.

ಅಚ್ಚುಕೂಟದ ಹಿಂಬದಿಯಲ್ಲಿದ್ದ ಆ ಕೋಣೆಗೆ ಅಂಟಿನ ಹುಳಿವಾಸನೆ ಕಾಯಂ ಆಗಿತ್ತು. ಯಂತ್ರದಿಂದ ಬಂದ ದೊಡ್ಡ ಹಾಳೆಯನ್ನು ಹದಿನಾರು ಪುಟಗಳಾಗುವಂತೆ ಮಡಿಸಿ, ಅಂಥ ಒಂದೊಂದು ಮಡಿಕೆಯನ್ನೂ ಫಾರಂ ಎಂದು ಕರೆದು, ಫಾರಂಗಳನ್ನು ಕ್ರಮವಾಗಿ ಪೇರಿಸಿ, ಒಂದರ ಬೆನ್ನಿಗೆ ಇನ್ನೊಂದನ್ನು ಹೊಲಿಯುವುದು ಅಲ್ಲಿನ ಕಸುಬು. ಹೊಲಿಯುವವರಿಗೆ ಪುಸ್ತಕವನ್ನು ಓದುವ ಪುರುಸೊತ್ತಿಲ್ಲ. ಆದರೆ ಪ್ರತಿಯೊಂದು ಫಾರಮಿನ ಮೊದಲ ಪುಟ ಮತ್ತು ಕೊನೆಯ ಪುಟ ಹೊರಗೆ ಕಾಣುತ್ತವೆ, ಸೂಜಿ ಚುಚ್ಚಲೆಂದು ನಟ್ಟನಡುವೆ ತೆರೆದಾಗ ಅಲ್ಲಿನ ಎರಡು ಪುಟಗಳು ಕಾಣುತ್ತವೆ. ಹೀಗೆ ಹದಿನಾರರಲ್ಲಿ ನಾಲ್ಕು ಪುಟಗಳ ಲೆಕ್ಕದಲ್ಲಿ ಆಕೆ ನಲವತ್ತೈದು ವರ್ಷಗಳ ಸಾಹಿತ್ಯವನ್ನೆಲ್ಲ ಬಲ್ಲವಳಾಗಿದ್ದಳು. ಯಾವ ಕಥೆಯ ನಾಯಕಿ ಹಡಗು ಹತ್ತಿದಳೆಂಬುದು ಆಕೆಗೆ ಗೊತ್ತು, ಎಲ್ಲಿಗೆ ಹೋದಳೆಂಬುದು ಗೊತ್ತಿಲ್ಲ. “ಹೋಗಿರ್ತಾಳೆ ಎಲ್ಲಿಗೋ, ಹಡಗು ಹತ್ತಿದ ಮೇಲೆ ಹೋಗದೆ ಏನು ಮಾಡ್ತಾಳೆ” ಎಂದು ಒಮ್ಮೆ ನನಗೆ ಹೇಳಿದ್ದುಂಟು.

ಆ ಕೋಟಿನ ಬಗ್ಗೆ ಹೇಳಲೇಬೇಕು. ಅಚ್ಚುಕೂಟದ ಹಳೆಯ ಕಾವಲುಗಾರನೊಬ್ಬ ಬಿಟ್ಟುಹೋದ, ಮೊಣಕಾಲು ದಾಟುವ ಬೂದುಬಣ್ಣದ ಗಂಡಸರ ಕೋಟು ಅದು. ತೋಳುಗಳನ್ನು ಎರಡು ಸಲ ಮಡಚಿ, ಎದೆಯ ಮೇಲೆ ಸೂಜಿಗಳನ್ನು ಸಾಲಾಗಿ ಚುಚ್ಚಿಕೊಂಡು, ಎಡಭುಜವನ್ನು ಗೋಡೆಗೆ ಸವರುವಷ್ಟು ಹತ್ತಿರ ನಡೆಯುವುದು ಆಕೆಯ ರೀತಿ. ದಾರಿ ಎಷ್ಟೇ ಅಗಲವಿರಲಿ, ಎದುರಿಗೆ ಯಾರೂ ಬರದಿರಲಿ, ಉಳಿದವರಿಗೆಂದು ಜಾಗ ಬಿಟ್ಟುಕೊಂಡೇ ಆಕೆಯ ಓಡಾಟ. ಮಧ್ಯಾಹ್ನ ಬ್ರೆಡ್ಡಿನ ತುಂಡನ್ನು ಕಾಗದದ ಮೇಲಿಟ್ಟು, ಗಂಟು ಹಾಕಿದ ಒಂದು ದಾರವನ್ನು ಅದರ ಮೇಲೆ ಹಿಡಿದು ಅಳೆದು, ಸರಿಯಾಗಿ ಅರ್ಧ ಮಾಡಿ, ಅರ್ಧ ತಿಂದು ಅರ್ಧವನ್ನು ಸಂಜೆಗೆ ಕಟ್ಟಿಡುತ್ತಿದ್ದಳು. ಒಬ್ಬಳೇ ತಿನ್ನುವ ಬ್ರೆಡ್ಡನ್ನು ಅಳೆಯುವುದೇಕೆ ಎಂದು ಕೇಳುವ ಧೈರ್ಯ ನನಗೆ ಎಂದೂ ಬರಲಿಲ್ಲ.

ಈಗ ನನ್ನ ವಿಷಯ. ನಾನು ಪಾಠ ಹೇಳಿ ಬದುಕುವವನು, ಅಷ್ಟಿಷ್ಟು ವಿಮರ್ಶೆ ಬರೆದವನು. ನಮ್ಮಲ್ಲಿ ಓದು ಬಲ್ಲವರೆಲ್ಲ ಓದಿರುವ, ಬಡತನದ ಮಹಾಕಾವ್ಯವೆಂದು ಕರೆಸಿಕೊಂಡ ಒಂದು ಕಾದಂಬರಿಯ ವಿದ್ಯಾರ್ಥಿ ಆವೃತ್ತಿಗೆ ಮುನ್ನುಡಿ ಬರೆದು, ಅದರ ಕರಡು ತಿದ್ದಲೆಂದು ಆ ಅಚ್ಚುಕೂಟಕ್ಕೆ ಹೋದದ್ದು. ಕಾದಂಬರಿಯಲ್ಲಿ ಒಂದೇ ಕೋಣೆಯ ಮನೆ. ಊರವರ ಬಟ್ಟೆ ಒಗೆಯುವ ತಾಯಿ. ತಂದೆಯಿಲ್ಲದ ಮೂವರು ಮಕ್ಕಳು. ಹದಿನೈದರ ಅಕ್ಕ ಆಹಾರದ ಕಪಾಟಿಗೆ ಬೀಗ ಹಾಕಿ ಕೀಲಿಯನ್ನು ಕೊರಳಲ್ಲಿ ಕಟ್ಟಿಕೊಂಡು, ಬ್ರೆಡ್ಡನ್ನು ದಾರ ಹಿಡಿದು ಅಳೆದು ಕೊಡುವವಳು. ನಾಲ್ಕು ವರ್ಷದ ಕಿರಿಯವಳು ಜ್ವರದಿಂದ ಎದ್ದು ‘ಬ್ರೆಡ್ಡು, ಬ್ರೆಡ್ಡು’ ಎಂದು ದಿನಗಟ್ಟಲೆ ಅತ್ತರೂ ಅಕ್ಕನ ಮನಸ್ಸು ಕರಗುವುದಿಲ್ಲ. ಒಂದು ದಿನ ಅಕ್ಕ ಸ್ನಾನಕ್ಕೆ ಹೋದಾಗ ಒಂಬತ್ತರ ಹುಡುಗ ಮೊಳೆಗೆ ತೂಗುಹಾಕಿದ್ದ ಕೀಲಿ ಕದ್ದು, ತಂಗಿಗೆ ಒಂದು ತುಂಡು ಬ್ರೆಡ್ಡು ತಿನ್ನಿಸುತ್ತಾನೆ. ಮಗು ಎರಡೂ ಕೈಯಲ್ಲಿ ಹಿಡಿದು ತಿಂದು ನಗುತ್ತದೆ. ಮೂರನೆಯ ದಿನ ತೀರಿಕೊಳ್ಳುತ್ತದೆ. ಬ್ರೆಡ್ಡು ಬಂದದ್ದು ತಡವಾಗಿತ್ತು ಎಂದು ಅಧ್ಯಾಯ ಮುಗಿಯುತ್ತದೆ. ಎಂಬತ್ತೆಂಟು ಮತ್ತು ಎಂಬತ್ತೊಂಬತ್ತನೆಯ ಪುಟಗಳು. ಅವನ್ನು ತರಗತಿಯಲ್ಲಿ ಓದುವಾಗ ಪ್ರತಿವರ್ಷವೂ ನನ್ನ ಗಂಟಲು ಕಟ್ಟುತ್ತಿತ್ತು, ಅದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು. ಮುನ್ನುಡಿಯಲ್ಲಿ ನಾನು ಬರೆದಿದ್ದೆ: ದಾರಿದ್ರ್ಯವು ಅನ್ನವನ್ನಷ್ಟೇ ಅಲ್ಲ, ಅಂತಃಕರಣವನ್ನೂ ಅಪಹರಿಸುತ್ತದೆ ಎಂಬುದಕ್ಕೆ ಆ ಅಕ್ಕನ ಪಾತ್ರಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಮಕ್ಕಳು ಇದನ್ನು ಪರೀಕ್ಷೆಯಲ್ಲಿ ಉರುಹೊಡೆದು ಬರೆಯುತ್ತಾರೆ.

ಪುಸ್ತಕ ಅಚ್ಚಾಗಿ ಹೊಲಿಗೆಗೆ ಬಂದ ಮೇಲೆ ಇನ್ನೊಮ್ಮೆ ಹೋದಾಗ ಫೋರ್‌ಮನ್ ನನ್ನನ್ನು ಹಿಂದಿನ ಕೋಣೆಗೆ ಕರೆದೊಯ್ದು, ಕಿಟಕಿಯ ಪಕ್ಕ ಕುಳಿತಿದ್ದ ಬೂದು ಕೋಟಿನತ್ತ ಗಲ್ಲ ಎತ್ತಿ ತೋರಿಸಿದರು. “ಕಾದಂಬರಿಯಲ್ಲಿರೋ ಅಕ್ಕ ಅವರೇ ಮೇಷ್ಟ್ರೇ. ಬರೆದೋರ ಸ್ವಂತ ಅಕ್ಕ. ತಮ್ಮನನ್ನ ಓದಿಸಿದ್ದು ಇಲ್ಲೇ ಕೂತು ಹೊಲಿದು.” ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಆಕೆಯ ತೊಡೆಯ ಮೇಲೆ ಹೊಲಿದು ಮುಗಿಸಿದ ಪ್ರತಿ ಇತ್ತು. ಎಲ್ಲಕ್ಕಿಂತ ಮೇಲಿನ ಫಾರಮಿನ ಮೊದಲ ಪುಟದಲ್ಲೇ, ದಪ್ಪ ಅಕ್ಷರದಲ್ಲಿ, ನನ್ನ ಆ ವಾಕ್ಯ.

“ಇದು ನೀವು ಬರೆದದ್ದಾ?” ಎಂದು ಕೇಳಿದಳು.

“ಹೌದಮ್ಮ. ನನಗೆ ಗೊತ್ತಿರಲಿಲ್ಲ. ತೆಗೆಸಿಬಿಡ್ತೀನಿ.”

“ಯಾಕೆ ತೆಗೀಬೇಕು? ನಾಲ್ಕು ಸಾವಿರ ಹೊಲಿದಾಗಿದೆ. ಬಿಚ್ಚೋರ್ಯಾರು?” ಎಂದು ದಾರವನ್ನು ಹಲ್ಲಿನಿಂದ ಕಡಿದು, “ಸರಿಯಾಗೇ ಬರೆದಿದೀರಿ” ಎಂದಳು. ಆ ದನಿಯಲ್ಲಿ ಚುಚ್ಚುಮಾತಿನ ಸುಳಿವೇನಾದರೂ ಇದ್ದೀತೇ ಎಂದು ನಾನು ಕಿವಿಗೊಟ್ಟು ಹುಡುಕಿದೆ, ಸಿಗಲಿಲ್ಲ.

ಆಮೇಲೆ ನಾನು ಕೆಲಸವಿದ್ದರೂ ಇಲ್ಲದಿದ್ದರೂ ಅಲ್ಲಿಗೆ ಹೋಗತೊಡಗಿದೆ. ಪಾಪಪ್ರಜ್ಞೆ ಎಂದರೆ ದೊಡ್ಡ ಮಾತಾದೀತು; ಕುತೂಹಲವೇ ಹೆಚ್ಚು. ಪುಸ್ತಕದಲ್ಲಿ ಕಂಡವರನ್ನು ಬೀದಿಯಲ್ಲಿ ಕಾಣುವ ಚಪಲ ನಮ್ಮಂಥವರಿಗೆ ಬಿಡುವುದಿಲ್ಲವಲ್ಲ. ಆಕೆ ಆರನೆಯ ಫಾರಮನ್ನು ಹೊಲಿಯುವಾಗ ಮಾತ್ರ ಕಿಟಕಿಯ ಹೊರಗೆ ನೋಡುತ್ತಿದ್ದಳು. ಎಂಬತ್ತೊಂದರಿಂದ ತೊಂಬತ್ತಾರರವರೆಗಿನ ಆ ಫಾರಮಿನ ನಟ್ಟನಡುವೆ ತೆರೆದುಕೊಳ್ಳುವುದು ಎಂಬತ್ತೆಂಟು, ಎಂಬತ್ತೊಂಬತ್ತು. ಉಳಿದ ಫಾರಂಗಳನ್ನು ಕಣ್ಣಿಟ್ಟು ಹೊಲಿಯುವವಳು ಇದನ್ನು ಬೆರಳಿನಿಂದಲೇ ತಡವಿ, ಮಡಿಕೆಯ ಸಂದಿನಲ್ಲಿ ಐದು ಸಲ ಸೂಜಿ ಹಾಯಿಸಿ, ಮುಚ್ಚಿ ಪಕ್ಕಕ್ಕಿಡುವಳು. ಇಪ್ಪತ್ತೈದು ವರ್ಷ, ಹದಿನೇಳು ಮುದ್ರಣ. ಅದನ್ನು ಎಷ್ಟು ಸಾವಿರ ಸಲ ತೆರೆದಳೋ ನನಗೆ ತಿಳಿಯದು.

ನನಗೆ ಸತ್ಯ ಸಿಕ್ಕಿದ್ದು ಆಕೆಯ ಬಾಯಿಂದಲ್ಲ, ಫೋರ್‌ಮನ್‌ರ ಮನೆಯ ಕಾಯಿಲೆಯಿಂದ. ಅವರ ಮಗಳಿಗೆ ಟೈಫಾಯ್ಡ್ ಆಗಿತ್ತು. ಜ್ವರ ಇಳಿದ ಮೇಲೆ ಮಗು ಹಸಿವೆಂದು ರಂಪ ಮಾಡುತ್ತಿತ್ತು. ಇಲ್ಲಕ್ಕ ದಿನವೂ ಕೆಲಸ ಮುಗಿಸಿ ನೆಟ್ಟಗೆ ಅವರ ಮನೆಗೆ ಹೋಗಿ ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತಿದ್ದಳಂತೆ. ನೋಡಲು ಬಂದ ಅಜ್ಜಿಯೊಬ್ಬರು ಮಗುವಿನ ಕೈಗೆ ಬಿಸ್ಕತ್ತು ಕೊಟ್ಟಾಗ, ಎಂದೂ ದನಿಯೇರಿಸದ ಇವಳು ಕೂಗಿ, ಬಾಯೊಳಗೆ ಬೆರಳು ಹಾಕಿ ಅದನ್ನು ಹೊರತೆಗೆದಳಂತೆ. “ಈಗಿನ ಡಾಕ್ಟ್ರುಗಳು ಮೆತ್ತಗಿರೋದು ಕೊಡಬಹುದು ಅಂತಾರೆ. ಇವರು ಕೇಳಲೇ ಇಲ್ಲ ಮೇಷ್ಟ್ರೇ. ಮೂರು ವಾರ ಗಂಜಿ ನೀರು ಬಿಟ್ರೆ ಏನೂ ಕೊಡಕೂಡದು, ಕರುಳು ಹುಣ್ಣಾಗಿರ್ತದೆ, ಗಟ್ಟಿ ತುಂಡು ಹೋದ್ರೆ ತೂತು ಬೀಳ್ತದೆ ಅಂತ ಒಂದೇ ಹಟ” ಎಂದರು ಫೋರ್‌ಮನ್. ಅವರು ಇದನ್ನು ಒಂದು ತಮಾಷೆಯೆಂಬಂತೆ ಹೇಳಿದರು. ನನಗೆ ಎಂಬತ್ತೆಂಟನೆಯ ಪುಟದ ಮಗು ನೆನಪಾಯಿತು.

ಮರುದಿನ ಊಟದ ಬಿಡುವಿನಲ್ಲಿ ಕೋಣೆ ಖಾಲಿಯಿದ್ದಾಗ ಕೇಳಿದೆ: “ನಿಮ್ಮ ತಂಗಿಗೂ ಅದೇ ಜ್ವರವಾ?”

ಆಕೆ ಅಳೆಯುತ್ತಿದ್ದ ದಾರ ಬ್ರೆಡ್ಡಿನ ಮೇಲೆಯೇ ನಿಂತಿತು. ಅದನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದಳು: ಧರ್ಮಾಸ್ಪತ್ರೆಯ ಡಾಕ್ಟರು ಅಮ್ಮನಿಗೆ ಹೇಳಿದ್ದು, ಅಮ್ಮ ಆಕೆಗೆ ಹೇಳಿದ್ದು. ಅಮ್ಮ ಹಗಲೆಲ್ಲ ಒಗೆಯುವ ಮನೆಯಲ್ಲಿ. ಪುಟ್ಟಿ ಅತ್ತರೆ ಯಾರಾದರೂ ಕರಗಿ ಕೊಟ್ಟುಬಿಟ್ಟಾರೆಂದು ಬೀಗ ಹಾಕಿದ್ದು ಆಗಲೇ. ಅದಕ್ಕೆ ಮೊದಲು ಆ ಕಪಾಟಿಗೆ ಬೀಗವೇ ಇರಲಿಲ್ಲ. ತಮ್ಮನಿಗೆ ವಿವರ ಹೇಳಿರಲಿಲ್ಲ, ಒಂಬತ್ತು ವರ್ಷದವನು, ಹೆದರಿಯಾನು ಎಂದು. ಮೂರು ವಾರದಲ್ಲಿ ಇನ್ನು ಐದು ದಿನ ಉಳಿದಿತ್ತು. “ಕೀಲಿ ನೆನೆದ್ರೆ ತುಕ್ಕು ಹಿಡೀತದೆ ಅಂತ ಬಿಚ್ಚಿಟ್ಟು ಸ್ನಾನಕ್ಕೆ ಹೋದೆ ನೋಡಿ” ಎಂದಳು, “ನನ್ನ ಬುದ್ಧಿಗಿಷ್ಟು ಮಣ್ಣು ಹಾಕ. ತುಕ್ಕು ಹಿಡಿದ್ರೆ ಹಿಡೀಲಿ ಅನ್ನಬಾರದಿತ್ತಾ ನಾನು?”

ಅಂದರೆ ಬ್ರೆಡ್ಡು ತಡವಾಗಿ ಬಂದಿರಲಿಲ್ಲ. ಐದು ದಿನ ಮುಂಚೆ ಬಂದಿತ್ತು.

“ಅವರಿಗೆ ಇದು ಗೊತ್ತಾ?” ಎಂದೆ.

“ಯಾರಿಗೆ, ತಮ್ಮನಿಗಾ? ಛೆ, ಅವನಿಗೆ ಗೊತ್ತಾಗಬಾರದು. ಅವನು ಚಿಕ್ಕವನು.” ಅವರಿಗೆ ಆಗ ಐವತ್ತೈದು, ನೆರೆತ ಗಡ್ಡ, ಊರಿಗೆಲ್ಲ ದೊಡ್ಡವರು. “ಅಮ್ಮ ಸಾಯೋವಾಗ ಅದೊಂದೇ ಕೇಳಿದ್ದು ನನ್ನ ಹತ್ರ. ನಿಮ್ಮ ಹೊಟ್ಟೆಯಲ್ಲೇ ಇರ್ಲಿ ಮೇಷ್ಟ್ರೇ.” ನಾನು ತಲೆಯಾಡಿಸಿದೆ. ಆಕೆಯ ಮುಖ ನೋಡಿದರೆ ನನ್ನನ್ನು ನಂಬಿದ್ದು ಸ್ಪಷ್ಟವಾಗಿತ್ತು.

ಆ ದಿನ ಮನೆಗೆ ನಡೆಯುತ್ತ ನಾನು ಕಾದಂಬರಿಯನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಓದಿದೆ. ಬಡತನ ಒಂದು ಮನೆಯನ್ನು ಹೊಕ್ಕರೆ ಎಲ್ಲರನ್ನೂ ಒಂದೇ ಸಮನಾಗಿ ತಿನ್ನುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಕೆಲಸ ಹಂಚುತ್ತದೆ. ಒಬ್ಬರು ದುಡಿಯಬೇಕು, ಒಬ್ಬರು ಅಳಬೇಕು, ಒಬ್ಬರು ಅಳುವವರನ್ನು ಕಂಡು ಮರುಗಬೇಕು. ಮತ್ತೆ ಒಬ್ಬರು ಬೇಡುವ ಕೈಯೆದುರು ಕಪಾಟು ಮುಚ್ಚಿ ನಿಲ್ಲಬೇಕು. ಮರುಗಿದವನು ಲೇಖಕನಾದ. ಮುಚ್ಚಿ ನಿಂತವಳು ಪಾತ್ರವಾದಳು. ಇಷ್ಟು ಸೀದಾ ಸಂಗತಿ ಇಪ್ಪತ್ತು ವರ್ಷ ಪಾಠ ಹೇಳಿದ ನನ್ನ ತಲೆಗೆ ಹೊಳೆದಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ನಾಚಿಕೆಯಷ್ಟೇ ಆಗಿ ಸುಮ್ಮನಿದ್ದಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ.

ಕಾದಂಬರಿಗೆ ಇಪ್ಪತ್ತೈದು ತುಂಬಿದ ನೆಪದಲ್ಲಿ ಹೊಸ ಆವೃತ್ತಿಯ ಮಾತಾಡಲೆಂದು ಕಾದಂಬರಿಕಾರರು ನನ್ನನ್ನು ಮನೆಗೆ ಕರೆದರು. ಒಳ್ಳೆಯ ಮನುಷ್ಯ. ಯಾರು ಬಂದು ಕೈಚಾಚಿದರೂ ಬರಿಗೈಯಲ್ಲಿ ಕಳಿಸದವರು, ಬೀದಿನಾಯಿಗಳಿಗೂ ಬಟ್ಟಲಿಡುವವರು. ಚಹಾ ಕುಡಿಯುತ್ತ ಅಕ್ಕನ ಮಾತು ಬಂತು. ವರ್ಷಕ್ಕೊಮ್ಮೆ ಹೋಗಿ ನೋಡಿಕೊಂಡು ಬರುವುದು, ಎರಡು ಮಾತು, ಅಷ್ಟೇ ಅವರ ಸಂಬಂಧ. “ಅವಳನ್ನ ನಾನು ಕ್ಷಮಿಸಿಬಿಟ್ಟಿದ್ದೀನಿ” ಎಂದರು ಮೃದುವಾಗಿ. “ಬಡತನ ಅವಳ ಎದೆಗೇ ಬೀಗ ಹಾಕಿಬಿಡ್ತು, ಪಾಪ. ನೀವೇ ಬರೆದಿದೀರಲ್ಲ. ನಾನು ಕೊಟ್ಟ ಆ ಒಂದು ತುಂಡು ಇದೆ ನೋಡಿ, ಅದೊಂದರಿಂದ ನಾನು ಮನುಷ್ಯನಾಗಿ ಉಳಿದೆ.”

ಕ್ಷಮಿಸಿದ್ದೇನೆ ಎಂಬ ಆ ಮಾತನ್ನು ನನಗೆ ತಡೆಯಲಾಗಲಿಲ್ಲ. ಯಾರು ಯಾರನ್ನು ಕ್ಷಮಿಸುವುದು! ಮೈಯೆಲ್ಲ ಉರಿಯಿತು. ನ್ಯಾಯದ ಉರಿ ಎಂದು ಆಗ ಅಂದುಕೊಂಡೆ. ಇಷ್ಟು ವರ್ಷಗಳ ಮೇಲೆ ಒಪ್ಪಿಕೊಳ್ಳುತ್ತೇನೆ, ಅವರ ಕಾದಂಬರಿಯ ಬಗ್ಗೆ ಅವರಿಗೇ ತಿಳಿಯದ್ದು ನನಗೆ ತಿಳಿದಿದೆ ಎಂಬ ತೀಟೆಯೂ ಅದರಲ್ಲಿತ್ತು. ಹೇಳಿಬಿಟ್ಟೆ. ಜ್ವರದ ಹೆಸರು, ಡಾಕ್ಟರ ಮಾತು, ಬೀಗ ಬಂದ ಕಾರಣ, ಉಳಿದಿದ್ದ ಐದು ದಿನ, ಎಲ್ಲವನ್ನೂ. ಅವರು ಬಟ್ಟಲನ್ನು ತಟ್ಟೆಯ ಮೇಲಿಡಲು ಹೋಗಿ ಮೇಜಿನ ಮೇಲಿಟ್ಟರು. ಬೆರಳು ಮಡಿಚಿ ಏನನ್ನೋ ಎಣಿಸಿದರು. “ನೀವಿನ್ನು ಹೊರಡಿ” ಎಂದರು. ನನ್ನ ನಾಲಿಗೆ ಬಿದ್ದುಹೋಗಬಾರದಿತ್ತೇ ಎಂದು ಆ ಗಳಿಗೆಯಲ್ಲೇ ಅನ್ನಿಸಿತು, ಆದರೆ ಹೇಳಿ ಆಗಿತ್ತು.

ಅದಾದ ಮೂರನೆಯ ಬೆಳಗ್ಗೆ ನಾನು ಅಚ್ಚುಕೂಟದಲ್ಲಿದ್ದಾಗ ಅವರು ಬಂದರು. ಹೊಲಿಯುವ ಕೋಣೆಯ ಬಾಗಿಲಲ್ಲಿ ಅವರನ್ನು ಕಂಡು ಹೆಂಗಸರೆಲ್ಲ ಎದ್ದುನಿಂತರು. ಇಲ್ಲಕ್ಕ ಮಾತ್ರ ಕುಳಿತೇ ಇದ್ದಳು. ತಮ್ಮನ ಮುಖ ನೋಡಿದಳು, ಅವರ ಹಿಂದೆ ನಿಂತಿದ್ದ ನನ್ನ ಮುಖ ನೋಡಿದಳು. ಅಷ್ಟರಲ್ಲೇ ಎಲ್ಲ ತಿಳಿದುಹೋಯಿತು.

“ಅಕ್ಕಾ, ಪುಟ್ಟಿಗೆ ಗಟ್ಟಿ ಏನೂ ಕೊಡಬಾರದು ಅಂತ ಡಾಕ್ಟ್ರು ಹೇಳಿದ್ರಾ?”

“ಇಲ್ಲ.”

“ನಿಜ ಹೇಳು.”

“ಯಾವ ಡಾಕ್ಟ್ರು? ನಮ್ಮ ಮನೆ ಹುಡುಕ್ಕೊಂಡು ಡಾಕ್ಟ್ರು ಬರ್ತಿದ್ರಾ? ನಾಳೆಗೆ ಇರ್ಲಿ ಅಂತ ಬೀಗ ಹಾಕಿದ್ದೆ. ಕೊಡೋಕೆ ಮನಸ್ಸು ಬರಲಿಲ್ಲ ನನಗೆ. ಜಿಪುಣಿ ಕಣೋ ನಾನು, ನೀನೇ ಬರೆದಿದೀಯಲ್ಲ, ಅದೇ ಸರಿ.”

“ಮತ್ತೆ ಮೇಷ್ಟ್ರು ಹೇಳಿದ್ದು?”

ಆಕೆ ನಕ್ಕಳು. ನಾನು ಆಕೆಯ ನಗು ಕಂಡದ್ದು ಅದೊಂದೇ ಸಲ, ಅದೂ ಬಲವಂತದ ನಗು. “ಮೇಷ್ಟ್ರಿಗೇನು, ಬರೆಯೋರು. ಹೊಸ ಮುನ್ನುಡಿಗೆ ಏನಾದ್ರೂ ಬೇಕಲ್ಲ, ಕಟ್ಟಿದ್ದಾರೆ. ನೀನು ಕಟ್ಟಲ್ವಾ ಕಥೇನ, ಹಾಗೆ. ಹೇಳಿ ಮೇಷ್ಟ್ರೇ, ನೀವೇ ಕಟ್ಟಿದ್ದು ತಾನೆ?”

ಕಾದಂಬರಿಕಾರರು ನನ್ನತ್ತ ತಿರುಗಿದರು. ಆ ಕಣ್ಣುಗಳಲ್ಲಿ ಇದ್ದದ್ದು ಸಿಟ್ಟಲ್ಲ, ಬೇಡಿಕೆ. ಹೌದು ಎಂಬ ಎರಡಕ್ಷರ ಸಾಕಿತ್ತು. ಸುಳ್ಳುಗಾರನೆನ್ನಿಸಿಕೊಂಡು, ನಾಲ್ಕು ಬೈಗುಳ ತಿಂದು, ಮೆಟ್ಟಿಲಿಳಿದು ಹೋಗಬಹುದಿತ್ತು. ಹೆಚ್ಚೆಂದರೆ ನನ್ನ ಮಾನ ಹೋಗುತ್ತಿತ್ತು, ಅದೆಷ್ಟು ದೊಡ್ಡದು? ಏಳು ಜನ ಹೆಂಗಸರು, ಫೋರ್‌ಮನ್, ಎಲ್ಲರೂ ನೋಡುತ್ತಿದ್ದರು. ನಾನು ಎಂದೂ ಸಾಕ್ಷಿಯಿಲ್ಲದೆ ಒಂದು ವಾಕ್ಯ ಬರೆದವನಲ್ಲ ಎಂಬ ಬಿಗುಮಾನ ಅಡ್ಡ ನಿಂತಿತು. ನಾನು ನೆಲ ನೋಡಿದೆ. ಬಾಯಿ ಬಿಡಲಿಲ್ಲ.

ಅಷ್ಟೇ ಸಾಕಾಯಿತು. ಅವರು ಮಡಿಕೆಗಳ ರಾಶಿಯ ಮೇಲೆಯೇ ಕುಸಿದು ಕುಳಿತರು. “ಒಂದು ತುಂಡು ಅಂತ ಬರೆದಿದೀನಿ” ಎಂದರು. “ಒಂದಲ್ಲಕ್ಕಾ. ಎರಡು. ಇನ್ನೂ ಬೇಕು ಅಂತ ಕೇಳಿದ್ಲು. ಎರಡು ಕೊಟ್ಟೆ.”

ಆಕೆ ಸೂಜಿಯನ್ನು ಕೋಟಿಗೆ ಚುಚ್ಚಿ ಎದ್ದುಬಂದು ಅವರ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು. “ನಿನಗೇನು ಗೊತ್ತಿತ್ತೋ. ಚಿಕ್ಕವನಿದ್ದೆ ಕಣೋ. ಚಿಕ್ಕವನಿದ್ದೆ” ಎನ್ನುತ್ತಲೇ ಇದ್ದಳು. ಹೆಂಗಸರು ಒಬ್ಬೊಬ್ಬರಾಗಿ ಹೊರಗೆ ಹೋದರು. ನಾನೂ ಹೋದೆ.

ಆ ಮೇಲೆ ಕಾದಂಬರಿಕಾರರು ಏನನ್ನೂ ಬರೆಯಲಿಲ್ಲ. ಸಭೆಗಳಲ್ಲಿ ಆ ಅಧ್ಯಾಯ ಓದಿ ಎಂದು ಜನ ಕೇಳಿದರೆ ಕನ್ನಡಕ ತಂದಿಲ್ಲ ಎನ್ನುತ್ತಿದ್ದರಂತೆ. ಆಮೇಲಾಮೇಲೆ ಸಭೆಗಳಿಗೂ ಹೋಗಲಿಲ್ಲ. ಹನ್ನೊಂದು ತಿಂಗಳಿಗೆ ತೀರಿಕೊಂಡರು. ವೈದ್ಯರು ಹೃದಯದ ಕಾಯಿಲೆ ಎಂದರು, ಇದ್ದೀತು. ಹೊಸ ಆವೃತ್ತಿಗೆ ನಾನು ಮುನ್ನುಡಿ ಬರೆಯಲಿಲ್ಲ. ಪ್ರಕಾಶಕರು ಹಳೆಯದನ್ನೇ ಹಾಕಿಕೊಂಡರು. ತಮ್ಮನ ಅಂತ್ಯಕ್ರಿಯೆಯ ದಿನ, ಎಲ್ಲರೂ ಚೆದುರಿದ ಮೇಲೆ, ಇಲ್ಲಕ್ಕ ಗೋಡೆಯ ಪಕ್ಕದಲ್ಲೇ ನಡೆದು ನಾನಿದ್ದಲ್ಲಿಗೆ ಬಂದಳು. ಬಯ್ಯುತ್ತಾಳೆಂದು ಕಾದೆ, ಬಯ್ದರೆ ಸಾಕಪ್ಪಾ ಎಂದುಕೊಂಡೆ.

“ಹೇಳಿದ್ದು ಹೋಗ್ಲಿ, ಬಾಯಿ ತಪ್ಪಿ ಬರ್ತದೆ” ಎಂದಳು. “ಆಮೇಲೆ ಒಂದು ಸುಳ್ಳು ಹೇಳೋಕಾಗ್ಲಿಲ್ವಾ ಮೇಷ್ಟ್ರೇ ನಿಮಗೆ? ನಾನು ಅಷ್ಟು ಕೇಳಿದ್ನಲ್ಲ.”

ಅದೇ ಕೊನೆಯ ಮಾತು. ಕಣ್ಣು ಮಂಜಾಗುವವರೆಗೆ ಇನ್ನೂ ಮೂರು ವರ್ಷ ಹೊಲಿದಳು, ಆಮೇಲೆ ಕೆಲಸ ಬಿಟ್ಟಳು, ಹೋದ ವರ್ಷ ಸತ್ತಳು. ನನಗೆ ಸುದ್ದಿ ತಲುಪಿದ್ದು ವಾರದ ಮೇಲೆ.

ಬಡವರ ಮನೆಗಳಲ್ಲಿ ಇಂಥ ಒಬ್ಬರು ಇದ್ದೇ ಇರುತ್ತಾರೆ ಎಂದು ಈಗ ನನಗನ್ನಿಸುತ್ತದೆ. ಉಳಿದವರು ಒಳ್ಳೆಯವರಾಗಿ ಬೆಳೆಯಲೆಂದು ಕೆಟ್ಟವರಾಗುವ ಪಾಲನ್ನು ತಾವು ತೆಗೆದುಕೊಂಡು, ಅದನ್ನು ತ್ಯಾಗವೆಂದು ಕರೆಯುವ ಅಭ್ಯಾಸವಾಗಲಿ ಬಿಡುವಾಗಲಿ ಇಲ್ಲದೆ, ಕೆಟ್ಟವರೆನ್ನಿಸಿಕೊಂಡೇ ಹೋಗಿಬಿಡುವವರು. ನಾವು ಬರೆಯುವವರು ಅವರ ಮೇಲೆ ಮೊದಲು ಅಪವಾದ ಹೊರಿಸುತ್ತೇವೆ, ತಪ್ಪು ತಿಳಿದ ಮೇಲೆ ನ್ಯಾಯ ಕೊಡಿಸಲು ಓಡುತ್ತೇವೆ. ಎರಡೂ ಸಲ ಅವರನ್ನು ಒಂದು ಮಾತು ಕೇಳುವುದಿಲ್ಲ. ಅವರಿಗೆ ಬೇಕಾಗಿದ್ದದ್ದು ನ್ಯಾಯವಲ್ಲ, ಒಂದು ಪುಟ್ಟ ಸುಳ್ಳು, ಅದೂ ಇಡೀ ಬದುಕಿನಲ್ಲಿ ಒಂದೇ ಸಲ. ಅಷ್ಟನ್ನೂ ಕೊಡಲಾಗದ ದರಿದ್ರನಾಗಿದ್ದೆ ನಾನು.